ತಿಂಗಳುಗಟ್ಟಲೆ ಸ್ಟೇ ಬುಕ್ ಮಾಡ್ತಿದೀರಾ? ಕ್ಯಾನ್ಸಲೇಶನ್ ಪಾಲಿಸಿ ಹೀಗೆ ಓದಿ

ಎರಡು ಮೂರು ದಿನದ ಬುಕಿಂಗ್‌ಗೆ ಇರೋ ರೂಲ್ಸೇ ತಿಂಗಳುಗಟ್ಟಲೆ ಇರೋದಕ್ಕೂ ಅನ್ಕೊಂಡು ತುಂಬಾ ಜನ ಪೇ ಮಾಡ್ಬಿಡ್ತಾರೆ, ಆಮೇಲೆ ರೀಫಂಡ್ ಬರ್ಲಿಲ್ಲ ಅಂತ ತಲೆ ಕೆಡಿಸ್ಕೋತಾರೆ. ಮನೆ, ರೂಮ್ ಬಾಡಿಗೆಗೆ ಸಿಗೋ ಏರ್‌ಬಿಎನ್‌ಬಿ ಆ್ಯಪ್‌ನೇ ತಗೊಳ್ಳಿ, ಅಲ್ಲಿ 28 ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಬುಕ್ ಮಾಡಿದ್ರೆ ಲಾಂಗ್ ಟರ್ಮ್ ಪಾಲಿಸಿನೇ ಬೇರೆ. ಅದೇ ಮನೆ 5 ದಿನಕ್ಕೆ ಹುಡುಕಿದಾಗ 'ಫ್ಲೆಕ್ಸಿಬಲ್' ಅಂತ ಕಂಡಿದ್ರೂ ನಿಮ್ಮ ಒಂದೂವರೆ ತಿಂಗಳಿಗೆ ಅದು ಲೆಕ್ಕಕ್ಕಿಲ್ಲ. ಸೋ ಮೊದಲು ನಿಮ್ಮ ನಿಜವಾದ ಡೇಟ್ಸ್ ಹಾಕಿ, ಆಮೇಲೆ ಪಾಲಿಸಿ ನೋಡಿ.

'ಫರ್ಮ್ ಲಾಂಗ್ ಟರ್ಮ್' ಅಂತಿದ್ರೆ ಚೆಕ್‌ಇನ್‌ಗೆ 30 ದಿನ ಇರೋ ತನಕ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ದುಡ್ಡು ವಾಪಸ್. ಅದು ದಾಟ್ತೋ, ಮೊದಲ 30 ರಾತ್ರಿ ದುಡ್ಡು ಹೋಯ್ತು ಅಂತ್ಲೇ ಲೆಕ್ಕ, ಅಂದ್ರೆ 28 ರಾತ್ರಿ ಬುಕಿಂಗ್ ಆಗಿದ್ರೆ ಕಾಲಿಡದೇನೇ ಎಲ್ಲಾ ಖಾಲಿ! 'ಸ್ಟ್ರಿಕ್ಟ್ ಲಾಂಗ್ ಟರ್ಮ್' ಇನ್ನೂ ಬಿಗಿ: ಬುಕ್ ಮಾಡಿದ 48 ಗಂಟೆ ಒಳಗೆ, ಅದೂ ಚೆಕ್‌ಇನ್‌ಗೆ ಕನಿಷ್ಠ 28 ದಿನ ಇದ್ರೆ ಮಾತ್ರ ಪೂರ್ತಿ ರೀಫಂಡ್. ಡೆಡ್‌ಲೈನ್ ಎಣಿಸೋದು ಆ ಮನೆ ಇರೋ ಊರಿನ ಟೈಮ್ ಪ್ರಕಾರ, ನಿಮ್ಮ ಫೋನ್ ಗಡಿಯಾರ ಅಲ್ಲ.

ಜನ ಜಾಸ್ತಿ ಎಡವೋದು ಮಧ್ಯದಲ್ಲಿ ಬಿಟ್ಟು ಹೋಗೋವಾಗ. ಇದ್ದಷ್ಟು ದಿನಕ್ಕೆ ಕೊಟ್ರೆ ಸಾಕು ಅಲ್ವಾ ಅನ್ಸತ್ತೆ, ಆದ್ರೆ ಇದ್ದ ರಾತ್ರಿಗಳ ಜೊತೆ ಮುಂದಿನ 30 ರಾತ್ರಿ ದುಡ್ಡೂ ಹೋಸ್ಟ್‌ಗೆ, ಅಂದ್ರೆ ಮನೆ ಬಾಡಿಗೆಗೆ ಕೊಟ್ಟೋರಿಗೆ ಸೇರತ್ತೆ. 60 ರಾತ್ರಿ ಬುಕ್ ಮಾಡಿ 20 ಇದ್ದು ಕ್ಯಾನ್ಸಲ್ ಮಾಡಿದ್ರಿ ಅನ್ಕೊಳ್ಳಿ, 20 ಪ್ಲಸ್ 30, 50 ರಾತ್ರಿದು ಕಟ್, ವಾಪಸ್ ಬರೋದು 10 ರಾತ್ರಿದು ಅಷ್ಟೇ. 40 ಬುಕ್ ಮಾಡಿ 15 ಇದ್ರೆ? ಉಳಿದಿರೋದೇ 25, ಒಂದು ಪೈಸೆನೂ ಬರಲ್ಲ. ಹಾಗಾಗಿ ಹೊರಡೋ ದಿನ ಕ್ಯಾನ್ಸಲ್ ಒತ್ತೋ ಬದ್ಲು, ಹೋಗೋದು ಗ್ಯಾರಂಟಿ ಆದ ದಿನವೇ ಹೋಸ್ಟ್ ಹತ್ರ ಮಾತಾಡಿ ಡೇಟ್ ಚೇಂಜ್‌ಗೆ ಒಪ್ತಾರಾ ಕೇಳಿ.

ಇನ್ನು ಹುಷಾರಿಲ್ಲ, ಆಫೀಸಲ್ಲಿ ರಜ ಸಿಗ್ಲಿಲ್ಲ ಅನ್ನೋದೆಲ್ಲ ಪಾಲಿಸಿ ಕಣ್ಣಿಗೆ ಕಾರಣನೇ ಅಲ್ಲ, ಅದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಇದ್ರೆ ಅದ್ರಲ್ಲಿ ಏನೇನು ಕವರ್ ಆಗತ್ತೆ ನೋಡಿ. ಹೋಸ್ಟೇ ಕ್ಯಾನ್ಸಲ್ ಮಾಡಿದ್ರೆ ಮಾತ್ರ ನಿಮಗೆ ಚಿಂತೆ ಇಲ್ಲ, ಪೂರ್ತಿ ಬರತ್ತೆ, ಹಾಗಾಗಿ "ನೀವೇ ಕ್ಯಾನ್ಸಲ್ ಮಾಡ್ಬಿಡಿ, ದುಡ್ಡು ಆಮೇಲೆ ಕಳಿಸ್ತೀನಿ" ಅಂತ ಹೋಸ್ಟ್ ಫೋನಲ್ಲಿ ಹೇಳಿದ್ರೆ ಒಪ್ಕೋಬೇಡಿ, ಆ ಮಾತು ಆ್ಯಪ್ ಚಾಟಲ್ಲೇ ಬರೀಲಿ. ಮತ್ತೆ ನೀವು ಕ್ಯಾನ್ಸಲ್ ಮಾಡೋವಾಗ, ಕನ್ಫರ್ಮ್ ಒತ್ತೋ ಮುಂಚೆ ರೀಫಂಡ್ ಎಷ್ಟು ಅಂತ ಒಂದು ಸ್ಕ್ರೀನ್ ತೋರ್ಸತ್ತೆ, ಅದನ್ನ ಸ್ಕ್ರೀನ್‌ಶಾಟ್ ತಗೊಂಡು ಇಟ್ಕೊಳ್ಳಿ.