ಅಜ್ಜಿನ ಎತ್ತಬೇಡಿ, ಏಳೋಕೆ ಬಿಡಿ

ದಾವಣಗೆರೆ ಕಡೆ ಮನೆಯ ಹಿರಿಯರನ್ನ ನೋಡಿಕೊಳ್ಳೋಕೆ ಜನ ಇಟ್ಟುಕೊಂಡಿರೋರು ಮೊದಲ ದಿನವೇ ಹೇಳಿ: ಕಂಕುಳಿಗೆ ಕೈ ಹಾಕಿ ಎತ್ತಬಾರದು. ಭುಜದ ಕೀಲಿಗೆ ಪೆಟ್ಟಾಗುತ್ತೆ, ಕಾಲಿನ ಬಲವೂ ಕುಂದುತ್ತೆ.

ಕೈಯಿರೋ ಗಟ್ಟಿ ಕುರ್ಚಿ ಗೋಡೆಗೆ ಒತ್ತಿಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತೆ. ಅಜ್ಜಿ ಅಂಚಿಗೆ ಸರಿದು, ಪಾದ ಮಂಡಿಗಿಂತ ಸ್ವಲ್ಪ ಹಿಂದಿಟ್ಟು, ಕುರ್ಚಿ ಕೈ ಒತ್ತಿ, ಮೂಗು ಕಾಲ್ಬೆರಳ ನೇರಕ್ಕೆ ಬರೋಷ್ಟು ಬಾಗಲಿ. ತಪ್ಪೋದು ಇಲ್ಲೇ. ಬಾಗದೆ ಎದ್ದರೆ ಹಿಂದಕ್ಕೆ ಕುಸಿದು ಕೂರ್ತಾರೆ. ಸಹಾಯಕಿ ಪಕ್ಕದಲ್ಲೇ ನಿಂತು, "ನೀವೇ ಏಳ್ರಿ ಅಜ್ಜಿ, ನಾನಿಲ್ಲೇ ಅದೀನಿ" ಅಂದು ಕಾಯಬೇಕು.

ಎದ್ದಮೇಲೆ ಹತ್ತು ಎಣಿಸಿ ಹೆಜ್ಜೆ. ಬಿಪಿ ಮಾತ್ರೆ ತಗೊಳ್ಳೋರಿಗೆ ಎದ್ದ ತಕ್ಷಣ ತಲೆ ಸುತ್ತಬಹುದು. ಸುತ್ತಿದರೆ ಕೂರಿಸಿ.

ರೊಟ್ಟಿ ಮುರಿಯೋದು, ತಲೆ ಬಾಚೋದು ಅವರೇ ಮಾಡ್ಲಿ. ತಡ ಆಗುತ್ತೆ, ಹಾಗಾಗಿ ಬೆಳಗಿನ ಕೆಲಸ ಅರ್ಧ ಗಂಟೆ ಮೊದಲೇ ಶುರು ಮಾಡಿಸಿ.