ವೇಡ್ ಹ್ಯಾಂಪ್ಟನ್ ಬದುಕನ್ನು ದಾಖಲೆಗಳಿಂದ ಕಟ್ಟುವುದು ಹೇಗೆ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಹತ್ತಿ ತೋಟಗಳ ಧಣಿ, ಸೇನಾನಿ, ಗವರ್ನರ್, ಸೆನೆಟರ್ ಹ್ಯಾಂಪ್ಟನ್ ಬಗ್ಗೆ ಬರೆಯಹೊರಟವರು ಮೊದಲು ಎಡವುವುದು ಹೆಸರಿನಲ್ಲೇ. ಅಜ್ಜ, ಅಪ್ಪ, ಮಗ ಮೂವರೂ ವೇಡ್ ಹ್ಯಾಂಪ್ಟನ್! ಅಜ್ಜ ತೀರಿಕೊಂಡದ್ದು 1835ರಲ್ಲಿ, ಅಪ್ಪ 1858ರಲ್ಲಿ. ನಮಗೆ ಬೇಕಾದವನು 1818ರಲ್ಲಿ ಹುಟ್ಟಿ 1902ರಲ್ಲಿ ಸತ್ತ ಮೂರನೆಯವನು. 1850ರ ಜನಗಣತಿಯ ಹೊತ್ತಿಗೆ ಅಪ್ಪ-ಮಗ ಇಬ್ಬರೂ ಇದ್ದರು. ಹೆಸರು ಸಿಕ್ಕಿತೆಂದು ಬರೆದುಕೊಳ್ಳುವ ಮುಂಚೆ ವಯಸ್ಸಿನ ಕಾಲಂ ನೋಡಿ.

ಅಮೆರಿಕದ ಅಂತರ್ಯುದ್ಧದಿಂದ (1861-65) ಶುರು ಮಾಡಬೇಡಿ, 1860ರ ಜನಗಣತಿಯಿಂದ ಮಾಡಿ. ಸ್ವತಂತ್ರ ನಿವಾಸಿಗಳ ಪಟ್ಟಿಯಲ್ಲಿ ಸ್ಥಿರಾಸ್ತಿ, ಚರಾಸ್ತಿ ಎಂದು ಎರಡು ಮೊತ್ತಗಳಿರುತ್ತವೆ. ಚರಾಸ್ತಿ ಎಂದರೆ ಮಂಚ-ಮೇಜು ಅಂದುಕೊಳ್ಳಬೇಡಿ, ಗುಲಾಮರ ಬೆಲೆಯೂ ಅದರೊಳಗೇ ಸೇರಿದೆ. ಹಾಗಾಗಿ ಗುಲಾಮರ ಪಟ್ಟಿಯನ್ನು ಪಕ್ಕದಲ್ಲಿಟ್ಟು ಓದಿ. ಅಲ್ಲಿ ಮಾಲೀಕನ ಹೆಸರಿನ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು: ವಯಸ್ಸು, ಲಿಂಗ, ಬಣ್ಣ. ಹೆಸರಿಲ್ಲ. ಸಾಲುಗಳನ್ನು ಕೈಯಾರೆ ಎಣಿಸಿ, ಅದೇ ಪಟ್ಟಿಯಲ್ಲಿರುವ ಗುಲಾಮರ ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಗುಡಿಸಲಿಗೆ ಎಷ್ಟು ಜನ ಎಂಬ ಅಂದಾಜು ಸಿಗುತ್ತದೆ.

ಒಂದೇ ಊರಿನ ಪಟ್ಟಿ ನೋಡಿ ಲೆಕ್ಕ ಮುಗಿಸಬಾರದು. ಅವನ ತೋಟಗಳು ಮಿಸಿಸಿಪ್ಪಿಯಲ್ಲೂ ಇದ್ದವು. ಧಣಿ ದೂರವಿದ್ದ ಕಡೆ ಮೇಲ್ವಿಚಾರಕನ ಹೆಸರಿನಲ್ಲೂ ಹುಡುಕಿ. ಅದೇ ಜನಗಣತಿಯ ಕೃಷಿ ಪಟ್ಟಿಯಲ್ಲಿ ಹತ್ತಿಯ ಒಂದು ಬೇಲ್ (ಮೂಟೆ) ಎಂದರೆ 400 ಪೌಂಡ್. ಆ ಲೆಕ್ಕ 1860ರ ಜೂನ್ 1ಕ್ಕೆ ಮುಗಿದ ವರ್ಷದ್ದು, ಅಂದರೆ ಬೆಳೆ 1859ರದು. ಗುಲಾಮರ ಹೆಸರುಗಳಿಗಾಗಿ ಉಯಿಲು, ಅಡಮಾನ ಪತ್ರ, ಯುದ್ಧದ ನಂತರದ ಕೂಲಿ ಕರಾರುಗಳನ್ನು ತಡಕಬೇಕು. ಬಿಡುಗಡೆಯಾದವರೆಲ್ಲರನ್ನೂ ಹೆಸರಿಟ್ಟು ಎಣಿಸಿದ ಮೊದಲ ರಾಷ್ಟ್ರೀಯ ಗಣತಿ 1870ರದು.

ಸೈನ್ಯದ ಕಡತದಲ್ಲಿ ಇನ್ನೊಂದು ಗುಂಡಿ ಇದೆ. 1861ರಲ್ಲಿ ಅವನು ಕಟ್ಟಿದ ಹ್ಯಾಂಪ್ಟನ್ ಲೀಜನ್ ಎಂಬ ಪಡೆಯಲ್ಲಿ ಕಾಲಾಳು, ಕುದುರೆ, ತೋಪು ಮೂರೂ ಇದ್ದವು. 1862ರಲ್ಲಿ ಅದನ್ನು ಒಡೆದರು. ಹೆಸರು ಕಾಲಾಳುಗಳಿಗೆ ಉಳಿಯಿತು, ಅವನು ಅಶ್ವದಳಕ್ಕೆ ಹೋದ. ಮುಂದೆ ಲೀಜನ್ ಹೆಸರಿನಲ್ಲಿ ಹುಡುಕಿದರೆ ಅವನು ಸಿಗುವುದಿಲ್ಲ.

1876ರ ಗವರ್ನರ್ ಚುನಾವಣೆಯನ್ನು 'ಗೆದ್ದ' ಎಂಬ ಒಂದೇ ಪದದಲ್ಲಿ ಮುಗಿಸುವುದು ಸೋಮಾರಿತನ. ಕೆಂಪಂಗಿಯವರು, ಅಂದರೆ ಕೆಂಪು ಅಂಗಿ ತೊಟ್ಟ ಅವನ ಬೆಂಬಲಿಗರ ಸಶಸ್ತ್ರ ಗುಂಪುಗಳು, ಕಪ್ಪು ಮತದಾರರನ್ನು ಬೆದರಿಸಿದ್ದವು. ಎಡ್ಜ್‌ಫೀಲ್ಡ್, ಲಾರೆನ್ಸ್ ಕೌಂಟಿಗಳಲ್ಲಿ ಅರ್ಹ ಮತದಾರರಿಗಿಂತ ಹೆಚ್ಚು ಮತ ಬಿದ್ದವು. ಪ್ರತಿಸ್ಪರ್ಧಿ ಚೇಂಬರ್ಲಿನ್ ಕೂಡ ಪ್ರಮಾಣವಚನ ತೆಗೆದುಕೊಂಡಿದ್ದ. ಆದ್ದರಿಂದ ಹ್ಯಾಂಪ್ಟನ್ ಪ್ರಮಾಣ ಮಾಡಿದ 1876ರ ಡಿಸೆಂಬರ್, ಕೇಂದ್ರ ಸರ್ಕಾರದ ಪಡೆ ಹಿಂದೆ ಸರಿದು ಅಧಿಕಾರ ಕೈಗೆ ಬಂದ 1877ರ ಏಪ್ರಿಲ್, ಎರಡನ್ನೂ ದಾಖಲಿಸಿ.

ಯುದ್ಧದ ಗಾಯಗಳ ಪಟ್ಟಿಗೆ ಅವನು ಕಳೆದುಕೊಂಡ ಕಾಲನ್ನು ಸೇರಿಸಬೇಡಿ. 1863ರ ಗೆಟಿಸ್‌ಬರ್ಗ್ ಕದನದಲ್ಲಿ ತಲೆಗೆ ಏಟು ಬಿದ್ದದ್ದು ನಿಜ. ಕಾಲು ಹೋದದ್ದು 1878ರಲ್ಲಿ, ಬೇಟೆಯ ವೇಳೆ ಹೇಸರಗತ್ತೆಯಿಂದ ಬಿದ್ದು.