ಹಬ್ಬದ ಮಾರನೇ ದಿನ

ನನಗೆ ಟೈಪ್ 2 ಡಯಾಬಿಟಿಸ್. ಡಾಕ್ಟರ ಹತ್ತಿರ ಕೇಳಿ, ಮಾತ್ರೆ ಹೊಂದಿಸಿಕೊಂಡು, ಅನ್ನ ರೊಟ್ಟಿ ಬೆಲ್ಲ ಕಡಿಮೆ ಮಾಡಿ ಕೆಲವು ವರ್ಷ ಆಯಿತು. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಈ ಪಥ್ಯ ಅಂದರೆ ಸುಮ್ನೆ ಮಾತಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಆದರೂ ದಿನದ ಊಟ ನಿಧಾನಕ್ಕೆ ಒಂದು ಹದಕ್ಕೆ ಬಂತು. ಮೊಟ್ಟೆ, ಮೀನು, ಕೋಳಿ, ಬಸಳೆ, ಮಳೆಗಾಲದಲ್ಲಿ ಕಳಲೆ ಪಲ್ಯ, ಮಜ್ಜಿಗೆ, ತಟ್ಟೆಯ ಮೂಲೆಯಲ್ಲಿ ಸಣ್ಣ ಸೌಟು ಅನ್ನ. ಕಷ್ಟ ಇರೋದು ಪಥ್ಯ ತಪ್ಪುವ ದಿನಗಳದ್ದು.

ಎಲ್ಲರೂ ಹಬ್ಬ, ಮದುವೆ ಅಂದರೆ ಹೆದರುತ್ತಾರೆ. ನನ್ನ ಲೆಕ್ಕದಲ್ಲಿ ಅವು ಸುಲಭ. ಯುಗಾದಿಗೆ ಹೋಳಿಗೆ ಇರುತ್ತದೆ, ಭೂಮಿ ಹುಣ್ಣಿಮೆಗೆ ಕೊಟ್ಟೆ ಕಡುಬು ಇರುತ್ತದೆ. ಮೊದಲೇ ಗೊತ್ತಿರುವ ವಿಷಯ, ತಯಾರಾಗಿ ಕೂರಬಹುದು. ತಯಾರಿ ಅಂದರೆ ಬೆಳಿಗ್ಗೆಯಿಂದ ಉಪವಾಸ ಅಲ್ಲ. ಹಸಿದು ಎಲೆ ಮುಂದೆ ಕೂತರೆ ಕೈ ಮೊದಲು ಹೋಗೋದೇ ಸಿಹಿಗೆ.

ಕಡುಬು ಕೋಳಿ ಸಾರಿನ ಭಾನುವಾರವನ್ನೇ ತಗೊಳ್ಳಿ. ಅಕ್ಕಿ ತರಿಯ ಬಿಸಿ ಕಡುಬು ಮುರಿದು ಸಾರಿನಲ್ಲಿ ಅದ್ದಿದರೆ ಅದು ಸಾರನ್ನೆಲ್ಲ ಹೀರಿಕೊಳ್ಳುತ್ತದೆ, ಮತ್ತೆ ಸಾರು ಬೇಕು, ಸಾರು ಬಂದರೆ ಮತ್ತೆ ಕಡುಬು ಬೇಕು. ಇದಕ್ಕೆ ಕೊನೆಯೇ ಇಲ್ಲ. ಹಾಗಾಗಿ ನಾನು ಕ್ರಮ ತಿರುಗಿಸಿದೆ. ಮೊದಲು ಪಲ್ಯ ಮತ್ತು ಕೋಳಿ ತುಂಡು, ಅರ್ಧ ಹೊಟ್ಟೆ ತುಂಬಿದ ಮೇಲೆ ಒಂದು ಕಡುಬು. ನಾರು, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಸಕ್ಕರೆ ಒಮ್ಮೆಗೇ ಜಿಗಿಯೋದಿಲ್ಲ. ಊಟ ಆದ ತಕ್ಷಣ ಮಲಗದೆ ತೋಟಕ್ಕೆ ಒಂದು ಸುತ್ತು. ಹತ್ತು ಹದಿನೈದು ನಿಮಿಷ ನಡೆದರೂ ಗ್ಲೂಕೋಮೀಟರ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಜೋರು ಮಳೆ ಇದ್ದರೆ ಜಗಲಿಯಲ್ಲೇ ಆ ಕಡೆ ಈ ಕಡೆ.

ನನ್ನನ್ನು ನಿಜವಾಗಿ ಕಾಡೋದು ಹಬ್ಬದ ಮಾರನೇ ದಿನ. ಉಳಿದ ಹೋಳಿಗೆ ಡಬ್ಬಿಯಲ್ಲಿ ಇರುತ್ತದೆ. ಕಾವಲಿ ಮೇಲೆ ತುಪ್ಪ ಸವರಿ ಬಿಸಿ ಮಾಡಿದರೆ ಅಂಚು ಗರಿಗರಿ ಆಗುತ್ತದೆ. ನಿಜ ಹೇಳಬೇಕು ಅಂದರೆ ಹಬ್ಬದ ದಿನಕ್ಕಿಂತ ಅವತ್ತೇ ರುಚಿ ಜಾಸ್ತಿ. ಮೇಲಿಂದ ತಲೆಯೊಳಗೆ ಒಂದು ಲಾಯರು ಎದ್ದು ನಿಲ್ಲುತ್ತಾನೆ: ನಿನ್ನೆ ಹೇಗೂ ಕೆಟ್ಟಿದೆ, ಇವತ್ತೊಂದು ದಿನ ಇರಲಿ, ಸೋಮವಾರದಿಂದ ಸರಿಯಾಗಿ ಶುರು ಮಾಡೋಣ. ಒಂದು ಊಟ ತಪ್ಪಿದರೆ ಸಕ್ಕರೆ ಕೆಲವು ಗಂಟೆ ಏರಿ ಇಳಿಯುತ್ತದೆ. ಹೆಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ತೋರಿಸೋದು ಸುಮಾರು ಮೂರು ತಿಂಗಳ ಸರಾಸರಿ. ಒಂದು ಹೋಳಿಗೆ ಅಲ್ಲಿ ಕಾಣೋದೇ ಇಲ್ಲ, ಡಬ್ಬಿ ಖಾಲಿಯಾಗುವ ತನಕ ನಡೆದ ವಾರ ಕಾಣುತ್ತದೆ. ಅದಕ್ಕೇ ನಮ್ಮನೆಯಲ್ಲಿ ಡಬ್ಬಿ ಹಬ್ಬದ ಸಂಜೆಯೇ ಹೊರಡುತ್ತದೆ, ಪಕ್ಕದ ಮನೆಗೋ ಕೆಲಸಕ್ಕೆ ಬರುವವರ ಮನೆಗೋ. ಆದರೂ ನಾದಿನಿ "ಭಾವ, ಇದು ಮಕ್ಕಳಿಗೆ" ಅಂತ ಕಟ್ಟಿಕೊಡುತ್ತಾಳೆ. ಮಕ್ಕಳು ಇರೋದು ಬೆಂಗಳೂರಲ್ಲಿ. ಅದು ಯಾರ ಹೊಟ್ಟೆಗೆ ಹೋಗುತ್ತದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಇನ್ನು ಕೆಲವರು ಜಾಸ್ತಿ ತಿಂದೆವು ಅಂತ ಮುಂದಿನ ಊಟ ಬಿಡುತ್ತಾರೆ, ಇಲ್ಲಾ ತಾವೇ ಒಂದು ಮಾತ್ರೆ ಹೆಚ್ಚು ನುಂಗುತ್ತಾರೆ. ಇದು ಹೋಳಿಗೆಗಿಂತ ಅಪಾಯ. ದೇಹದಿಂದ ಹೆಚ್ಚು ಇನ್ಸುಲಿನ್ ಬಿಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ 70 mg/dLಗಿಂತ ಕೆಳಗೆ ಇಳಿದು ಕೈಕಾಲು ನಡುಗಬಹುದು, ಬೆವರಬಹುದು. ಹಾಗಾದರೆ ಪಥ್ಯ ಗಿಥ್ಯ ನೋಡಬಾರದು. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅದು ತಪ್ಪಿನ ಲೆಕ್ಕಕ್ಕೆ ಬರೋದಿಲ್ಲ, ಅದು ಔಷಧಿ. ಹಬ್ಬದ ಮರುದಿನ ನನ್ನ ಊಟ ದಿನದ ಊಟವೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೀಟರ್ ನೋಡಿ ಹೆದರುವವರಿಗೆ ಎರಡು ಮಾತು. ತುಂಬ ದಿನ ಅನ್ನ ಕಡಿಮೆ ಮಾಡಿದವರು ಒಮ್ಮೆಗೇ ಅನ್ನ, ಸಿಹಿ ತಿಂದರೆ ಸಕ್ಕರೆ ಮೊದಲಿಗಿಂತ ಜೋರಾಗಿ ಏರಬಹುದು. ದೇಹಕ್ಕೆ ಅದರ ಅಭ್ಯಾಸ ತಪ್ಪಿರುತ್ತದೆ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಮೊದಲು ಮೂರು ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ತಿನ್ನಿ ಅಂತ ಹೇಳೋದು ಇದಕ್ಕೇ. ಆ ಒಂದು ನಂಬರ್ ನೋಡಿ ಕಾಯಿಲೆ ಕೈ ಮೀರಿತು ಅಂದುಕೊಳ್ಳಬೇಡಿ. ತೂಕವೂ ಒಂದು ಕೆಜಿ ಏರಿರುತ್ತದೆ. ಅದು ಹೆಚ್ಚಾಗಿ ನೀರು. ದೇಹ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುವಾಗ ಜೊತೆಗೆ ನೀರನ್ನೂ ಹಿಡಿದುಕೊಳ್ಳುತ್ತದೆ. ನಾಲ್ಕು ದಿನಕ್ಕೆ ಇಳಿಯುತ್ತದೆ.

ಊಟದ ಪಂಕ್ತಿಯಲ್ಲಿ ನಾನು "ಸಕ್ಕರೆ ಕಾಯಿಲೆ" ಅಂತ ಬಾಯಿ ಬಿಡೋದಿಲ್ಲ. ಬಿಟ್ಟರೆ ಹಾಗಲಕಾಯಿ ರಸದಿಂದ ಅಮೃತಬಳ್ಳಿ ತನಕ ಉಪದೇಶ. ಜೊತೆಗೆ "ಇದು ಸಕ್ಕರೆ ಅಲ್ಲ ಮಾರಾಯ, ಬೆಲ್ಲ, ಏನಾಗಲ್ಲ" ಅಂತ ಒಂದು ಹೋಳಿಗೆ ಎಲೆಗೆ ಬಿದ್ದಿರುತ್ತದೆ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಅದಕ್ಕೆ ಬಡಿಸುವವರು ಹತ್ತಿರ ಬರುವಾಗಲೇ "ಪಲ್ಯ ಭಾರಿ ಚೆನ್ನಾಗಿದೆ, ಇನ್ನೊಂಚೂರು ಹಾಕಿ" ಅನ್ನುತ್ತೇನೆ. ಬಡಿಸುವವರಿಗೆ ಬೇಕಾಗಿರೋದು ಎಲೆ ಖಾಲಿ ಇರಬಾರದು ಅನ್ನೋದಷ್ಟೇ.

ಪೂರ್ತಿ ಬಿಟ್ಟಿದ್ದು ಒಂದೇ, ಆಲೆಮನೆಯ ಕಬ್ಬಿನ ಹಾಲು. ಲೋಟಗಟ್ಟಲೆ ಸಕ್ಕರೆ ನೀರು, ಅಗಿಯುವ ಕೆಲಸವೂ ಇಲ್ಲ, ಸೀದಾ ರಕ್ತಕ್ಕೆ. ಅಲ್ಲಿಗೆ ಹೋದರೆ ಜೋನಿ ಬೆಲ್ಲವನ್ನು ಬೆರಳ ತುದಿಯಲ್ಲಿ ನೆಕ್ಕಿ ಬರುತ್ತೇನೆ. ಹಲಸಿನ ಕಾಲದಲ್ಲಿ ನಾಲ್ಕು ತೊಳೆ. ಅದೂ ಹಣ್ಣು ಬಿಡಿಸುವ ಜಾಗದಲ್ಲಿ ಕೂತು ಅಲ್ಲ. ಅಲ್ಲಿ ಕೂತರೆ ಎಷ್ಟು ಬಾಯಿಗೆ ಹೋಯಿತು ಅಂತ ಲೆಕ್ಕ ಸಿಗಲ್ಲ. ಬಟ್ಟಲಿಗೆ ಹಾಕಿಸಿಕೊಂಡು ಒಳಗೆ ಬರುತ್ತೇನೆ.